ಸುತ್ತಿಟ್ಟ ಕಂಡಿಕೆಗಳು

ಬೆಟಗೇರಿಯ ನನ್ನ ದೊಡ್ಡವ್ವ ಜನರನ್ನು ಎರಡೇ ಭಾಗ ಮಾಡಿದ್ದಾಳೆ. ‘ಲೇ’ ಅನ್ನಿಸಿಕೊಳ್ಳುವವರು ಮತ್ತು ‘ರೀ’ ಅನ್ನಿಸಿಕೊಳ್ಳುವವರು. ನೂಲು ತಂದು ಹಾಕುವವರು, ಕರೆಂಟ್ ಬಿಲ್ಲಿನವರು, ವಿಳಾಸ ಕೇಳಿಕೊಂಡು ಬರುವ ಗೊತ್ತಿಲ್ಲದ ಜನ, ಇವರಿಗೆಲ್ಲ ‘ಬರ್ರಿ, ಕುಂಡ್ರಿ’. ದೊಡ್ಡಪ್ಪನಿಗೂ ‘ರೀ’ ಇದೆ, ಅದು ಗಂಡನೆಂಬ ಕಾರಣಕ್ಕೆ, ಅದನ್ನು ಬಿಡಿ. ತನ್ನವರು ಎನಿಸಿದವರಿಗೆ, ಅವರ ತಲೆ ನರೆತಿದ್ದರೂ, ‘ಲೇ’. ನೆತ್ತಿಯ ಕೂದಲು ಉದುರಿದ ಮೇಲೂ ನಾನು ಅವಳಿಗೆ ‘ಲೇ ತಮ್ಮಾ’. ನನ್ನ ಹೆಂಡತಿಯ ಎದುರು, ನನ್ನ ವಿದ್ಯಾರ್ಥಿಗಳ ಎದುರು, ಒಮ್ಮೆ ಗದಗಿನ ಬಸ್ ನಿಲ್ದಾಣದಲ್ಲಿ ನಮ್ಮ ಕಾಲೇಜಿನ ಪ್ರಾಚಾರ್ಯರ ಎದುರು. ಆಗೆಲ್ಲ ನನಗೆ ಮೈ ಉರಿಯುತ್ತಿತ್ತು. ಇಷ್ಟು ದೊಡ್ಡವನಾದ ಮೇಲೂ ಇದೇನು ಎಂದು ಮುಖ ಗಂಟು ಹಾಕಿಕೊಳ್ಳುತ್ತಿದ್ದೆ.

ನಾನು ಗದಗಿನ ಒಂದು ಕಾಲೇಜಿನಲ್ಲಿ ಕಂಪ್ಯೂಟರ್ ಕಲಿಸುತ್ತೇನೆ. ಹುಟ್ಟಿದ್ದು ಮುಂಡರಗಿಯಲ್ಲಿ. ಅಪ್ಪ ಅಲ್ಲಿ ಸಣ್ಣ ಕಿರಾಣಿ ಅಂಗಡಿ ಇಟ್ಟಿದ್ದ. ಏಳನೆಯ ಇಯತ್ತೆ ಮುಗಿದ ಮೇಲೆ, ಮುಂದಿನ ಶಾಲೆ ಚೆನ್ನಾಗಿರಲಿ ಎಂದು ನನ್ನನ್ನು ಬೆಟಗೇರಿಯಲ್ಲಿದ್ದ ಅವ್ವನ ಅಕ್ಕನ ಮನೆಗೆ ತಂದು ಬಿಟ್ಟ. ದೊಡ್ಡವ್ವನಿಗೆ ಮಕ್ಕಳಿರಲಿಲ್ಲ. ಡಿಗ್ರಿ ಮುಗಿಯುವ ತನಕ ನಾನು ಅಲ್ಲೇ ಉಂಡೆ, ಅಲ್ಲೇ ಓದಿದೆ. ಜ್ವರ ಬಂದಾಗ ಅವಳ ತೊಡೆಯ ಮೇಲೆಯೇ ಮಲಗಿದೆ. ದೊಡ್ಡಪ್ಪ ಒಳಕೋಣೆಯ ಕುಣಿಮಗ್ಗದಲ್ಲಿ, ನೆಲದ ಕುಣಿಗೆ ಕಾಲು ಇಳಿಬಿಟ್ಟು, ಸೀರೆ ನೇಯುತ್ತಿದ್ದ. ಈಗಲೂ ನೇಯುತ್ತಾನೆ. ದೊಡ್ಡವ್ವ ಪಡಸಾಲೆಯಲ್ಲಿ ರಾಟೆಯ ಮುಂದೆ ಕುಳಿತು ಕಂಡಿಕೆ ಸುತ್ತುತ್ತಿದ್ದಳು. ಈಗಲೂ ಸುತ್ತುತ್ತಾಳೆ.

ಮಗ್ಗ ನೋಡದವರಿಗಾಗಿ ಎರಡು ಮಾತು ಹೇಳಲೇಬೇಕು. ಬಟ್ಟೆಯಲ್ಲಿ ಉದ್ದಕ್ಕೆ ಇರುವ ಎಳೆಗಳು ಹಾಸು, ಅಡ್ಡ ಹಾಯುವವು ಹೊಕ್ಕು. ಹಾಸನ್ನು ಮಗ್ಗಕ್ಕೆ ಏರಿಸುವುದು ದಿನಗಟ್ಟಲೆಯ ಕೆಲಸ. ಹಳೆಯ ಹಾಸಿನ ಒಂದೊಂದು ಎಳೆಯ ತುದಿಗೂ ಹೊಸ ಎಳೆಯ ತುದಿಯನ್ನು ಸೇರಿಸಿ, ಬೂದಿ ಮುಟ್ಟಿದ ಬೆರಳಿನಿಂದ ಹೊಸೆದು ಕೂಡಿಸಬೇಕು. ಅಂಥವು ಸಾವಿರಾರು ಎಳೆ. ಅದು ಮುಗಿಯುವ ತನಕ ಒಂದು ಗೇಣು ಬಟ್ಟೆಯೂ ಹುಟ್ಟುವುದಿಲ್ಲ. ಹೊಕ್ಕಿನದು ಬೇರೆಯೇ ಕಥೆ. ಆ ನೂಲನ್ನು ರಾಟೆಯ ಮೇಲೆ ಬೆರಳುದ್ದದ ಕೊಳವೆಗಳಿಗೆ ಸುತ್ತುತ್ತಾರೆ. ಅದೇ ಕಂಡಿಕೆ. ಅದನ್ನು ಲಾಳಿಯೊಳಗೆ ಇಟ್ಟು ಅತ್ತಿತ್ತ ಓಡಿಸಿದರೆ ಬಟ್ಟೆ ಬೆಳೆಯುತ್ತದೆ. ಒಂದು ಕಂಡಿಕೆ ಬಹಳ ಹೊತ್ತು ಬಾಳುವುದಿಲ್ಲ. ಹೀಗಾಗಿ ಒಳಗೆ ಮಗ್ಗ ನಡೆಯುತ್ತಿರುವಾಗಲೇ ಹೊರಗೆ ಮುಂದಿನ ಕಂಡಿಕೆಗಳು ತಯಾರಾಗಿ ಬುಟ್ಟಿ ಸೇರುತ್ತಿರಬೇಕು. ಬುಟ್ಟಿ ಖಾಲಿಯಾದರೆ ಮಗ್ಗದ ಸದ್ದು ನಿಲ್ಲುತ್ತದೆ, ಒಳಗಿನಿಂದ ‘ಕಂಡಿಕೀ’ ಎಂದು ದೊಡ್ಡಪ್ಪನ ಕೂಗು ಬರುತ್ತದೆ. ಆ ಮನೆಯಲ್ಲಿ ದೊಡ್ಡವ್ವನ ಕೆಲಸದ ಹೆಸರು ಕಿವಿಗೆ ಬೀಳುತ್ತಿದ್ದದ್ದು ಅದು ತಡವಾದಾಗ ಮಾತ್ರ.

ಸಂಜೆ ಶಾಲೆಯಿಂದ ಬಂದು ನಾನೂ ರಾಟೆಗೆ ಕೂರುತ್ತಿದ್ದೆ. ದೊಡ್ಡವ್ವ ರೊಟ್ಟಿ ಬಡಿಯುವ ಹೊತ್ತಿನಲ್ಲಿ ಬುಟ್ಟಿ ತುಂಬಿಸುವುದು ನನ್ನ ಪಾಲು. ಕೈ ಪಳಗಿತ್ತು, ಪುಸ್ತಕವನ್ನು ತೊಡೆಯ ಮೇಲಿಟ್ಟು ಓದುತ್ತಲೇ ಸುತ್ತುತ್ತಿದ್ದೆ. ಬಣ್ಣದ ನೂಲಿನ ಜುಂಗು ತಲೆಗೆ, ಅಂಗಿಗೆ ಹತ್ತಿರುತ್ತಿತ್ತು. ಎಷ್ಟು ಝಾಡಿಸಿದರೂ ಒಂದೆರಡು ಎಳೆ ಉಳಿದೇ ಉಳಿಯುತ್ತಿತ್ತು. ಶಾಲೆಯಲ್ಲಿ ನನಗೆ ‘ಕಂಡಿಕಿ’ ಎಂದೇ ಹೆಸರಿಟ್ಟಿದ್ದರು. ಹಾಜರಿ ಕೂಗುವಾಗ ನನ್ನ ಸರದಿ ಬಂದರೆ ಹಿಂದಿನ ಬೆಂಚಿನಿಂದ ದೊಡ್ಡಪ್ಪನ ಹಾಗೇ ‘ಕಂಡಿಕೀ’ ಎಂದು ಕೂಗುತ್ತಿದ್ದರು. ಇದನ್ನು ಮುಂದೆ ನಾನು ಮಾಡಿದ ತಪ್ಪಿಗೆ ನೆಪವಾಗಿ ಹೇಳುತ್ತಿಲ್ಲ. ಆ ನಾಚಿಕೆ ಮೂವತ್ತು ವರ್ಷ ನನ್ನೊಳಗೆ ಕುಳಿತಿತ್ತು ಎಂಬುದು ಗೊತ್ತಿರಲಿ ಎಂದು ಹೇಳಿದೆ.

ಎರಡು ವರ್ಷದ ಹಿಂದೆ ದೊಡ್ಡವ್ವನಿಗೆ ನಾನೇ ಒಂದು ಮೊಬೈಲ್ ಕೊಡಿಸಿದೆ. ಅವಳು ಅದರಲ್ಲಿ ನೋಡುವುದು ಬೇರೆ ಊರಿನವರು ಸೀರೆ ನೇಯುವ ವಿಡಿಯೋಗಳನ್ನು. ನೋಡುವುದಕ್ಕಿಂತ ಜಗಳಾಡುವುದೇ ಹೆಚ್ಚು. “ಅಯ್ಯ ಮೂಳಾ, ಎಳಿ ಕಡದೈತಿ, ಹಂಗ ಹೊಂಟ್ಯಲ್ಲೋ” ಎಂದು ಪರದೆಯೊಳಗಿನ ನೇಕಾರನಿಗೆ ಬೈಯುತ್ತಾಳೆ. ವಿಡಿಯೋ ನಿಂತು ಗೋಲ ಗುರುತು ತಿರುಗತೊಡಗಿದರೆ ಅದಕ್ಕೆ ಅವಳು ಇಟ್ಟ ಹೆಸರು ರಾಟೆ. ಒಂದು ರವಿವಾರ ಮಧ್ಯಾಹ್ನ ನಾನು ಹೋದಾಗ ಕೇಳಿದಳು:

“ಲೇ ತಮ್ಮಾ, ಇದರಾಗಿನ ರಾಟಿ ಒಮ್ಮೊಮ್ಮಿ ಚಿತ್ರ ಬರೂಕಿಂತ ಮೊದಲ ತಿರಗತೈತಿ, ಒಮ್ಮೊಮ್ಮಿ ನಡುವ ತಿರಗತೈತಿ. ಎರಡೂ ಒಂದ ಏನು?”

“ಎಲ್ಲಾ ಒಂದ ದೊಡ್ಡವ್ವ. ನೆಟ್ ಸ್ಲೋ ಐತಿ ಅಷ್ಟ. ಲೋಡಿಂಗ್ ಅಂತಾರ, ಬಫರಿಂಗ್ ಅಂತಾರ, ಏನರ ಅನ್ನು” ಎಂದೆ. ತಲೆ ಎತ್ತಿ ಕೂಡ ನೋಡಲಿಲ್ಲ.

“ಒಂದ ಹೆಂಗಾದೀತಲೇ? ಮೊದಲಿಂದು ಹಾಸು ಏರಸಿದಂಗ. ಅದು ಮುಗಿಯೂತನಕ ಏನೂ ಕಾಣೂದಿಲ್ಲ. ನಡುವಿಂದು ಕಂಡಿಕಿ ತೀರಿದಂಗ. ಮಗ್ಗ ನಡದಿತ್ತು, ಬುಟ್ಟಿ ಖಾಲಿ ಆತು, ನಿಂತಿತು. ಇಲ್ಲಿ ನೋಡು, ಕೆಂಪು ಗೆರಿ ಮುಂದ ಒಂದು ಬೂದು ಗೆರಿ ಹೊಂಟಿರತೈತೆಲ್ಲಾ, ಅದು ಸುತ್ತಿಟ್ಟ ಕಂಡಿಕಿ ಹೌದಲ್ಲೋ? ಕೆಂಪು ಹೋಗಿ ಬೂದಕ್ಕ ಮುಟ್ಟಿತಂದ್ರ ನಿಂದ್ರತೈತಿ. ನಾ ದಿನಾ ನೋಡೀನಿ.”

ನಾನು ಸುಮ್ಮನೆ ನಕ್ಕೆ. ಮನೆಗೆ ಹೋಗಿ ಪುಸ್ತಕ ತೆಗೆದು ನೋಡಿದೆ. ಅವಳು ಹೇಳಿದ್ದು ಅಕ್ಷರಶಃ ಸರಿ. ಲೋಡಿಂಗ್ ಎಂದರೆ ವಿಡಿಯೋ ಶುರುವಾಗಲು ಬೇಕಾದದ್ದನ್ನೆಲ್ಲ ತಂದು ಕೂಡಿಸುವ ಹೊತ್ತು. ಬಫರಿಂಗ್ ಎಂದರೆ ವಿಡಿಯೋ ನಡೆಯುತ್ತಿರುವಾಗಲೇ ಮುಂದಿನ ತುಣುಕುಗಳನ್ನು ತಂದು ಕೂಡಿಟ್ಟುಕೊಳ್ಳುವ ಕೆಲಸ. ನೆಟ್ ಸ್ವಲ್ಪ ಕೈಕೊಟ್ಟರೂ ಕೂಡಿಟ್ಟದ್ದು ಇರುವ ತನಕ ಚಿತ್ರ ನಿಲ್ಲುವುದಿಲ್ಲ. ನಿಂತಾಗ ನಾವು ‘ಬಫರಿಂಗ್ ಆಗುತ್ತಿದೆ’ ಎಂದು ಬೈಯುತ್ತೇವೆ. ಖರೆ ಹೇಳಬೇಕೆಂದರೆ ಅಷ್ಟು ಹೊತ್ತು ನಿಲ್ಲದೆ ನಡೆದದ್ದೂ ಅದರಿಂದಲೇ. ಹನ್ನೆರಡು ವರ್ಷ ನಾನು ಮಕ್ಕಳಿಗೆ ಬಫರಿಂಗ್ ಎಂದರೆ ನಿಧಾನ ನೆಟ್ಟಿನ ರೋಗ ಎಂದೇ ಕಲಿಸಿದ್ದೆ. ದೊಡ್ಡವ್ವನಿಗೆ ಫೋನ್ ಮಾಡಿ ‘ನೀ ಹೇಳಿದ್ದು ಖರೆ’ ಎನ್ನಬಹುದಿತ್ತು. ಮಾಡಲಿಲ್ಲ.

ಅದಾದ ಕೆಲವು ತಿಂಗಳಿಗೆ ಲಕ್ಷ್ಮೇಶ್ವರದಲ್ಲಿ ಶಾಲಾ ಶಿಕ್ಷಕರಿಗೆ ಒಂದು ದಿನದ ಕಾರ್ಯಾಗಾರ ಇತ್ತು. ವಿಡಿಯೋ ಪಾಠಗಳ ಬಗ್ಗೆ ಮಾತನಾಡಲು ನನ್ನನ್ನು ಕರೆದಿದ್ದರು. ಶಿರಹಟ್ಟಿ, ಮುಂಡರಗಿ ಕಡೆಯಿಂದೆಲ್ಲ ಮಾಸ್ತರರು, ಟೀಚರುಗಳು ಬಂದಿದ್ದರು. ನನಗೆ ಶಾಲು ಹೊದಿಸಿದರು, ‘ತಂತ್ರಜ್ಞಾನ ತಜ್ಞರು’ ಎಂದರು. ನನಗೆ ಅಷ್ಟೇ ಸಾಕಾಯಿತು, ತಲೆ ತಿರುಗಿತು. ಊಟಕ್ಕೆ ಮೊದಲಿನ ಹೊತ್ತು, ಜನ ಆಕಳಿಸುತ್ತಿದ್ದರು. ಅವರನ್ನು ನಗಿಸಬೇಕು ಅನ್ನಿಸಿತು. ಸೆರಗು ತಲೆಯ ಮೇಲೆ ಎಳೆದುಕೊಂಡ ಹಾಗೆ ಶಾಲನ್ನೇ ಎಳೆದುಕೊಂಡು, ದನಿ ಸಣ್ಣದು ಮಾಡಿ, ಹೇಳಿದೆ: “ನಮ್ಮ ಕಡೆ ಒಬ್ಬಾಕಿ ಮುದುಕಿ ಅದಾಳ್ರಿ. ಮೊಬೈಲ್ ಹಿಡಕೊಂಡು ಅಂತಾಳ, ಲೇ ತಮ್ಮಾ, ಇದರಾಗ ರಾಟಿ ತಿರಗಾಕತ್ತೈತಿ, ಒಳಗ ಯಾರು ಕುಂತಾರ ನೋಡಲೇ!”

ಸಭಾಂಗಣ ಬಿದ್ದು ಬಿದ್ದು ನಕ್ಕಿತು. ನಗು ಇಳಿದ ಮೇಲೆ ಗಂಭೀರನಾಗಿ, “ತಮಾಷೆ ಇರಲಿ, ನಾನು ಇದನ್ನು ಬೇರೆ ರೀತಿ ಯೋಚಿಸಿದ್ದೇನೆ” ಎಂದು ಹಾಸು, ಕಂಡಿಕೆ, ಬುಟ್ಟಿ, ಕೆಂಪು ಗೆರೆ, ಬೂದು ಗೆರೆ ಎಲ್ಲವನ್ನೂ ಹೇಳಿದೆ. ಅವಳ ಮಾತಿನ ಒಂದು ಎಳೆಯನ್ನೂ ಬಿಡಲಿಲ್ಲ. ಪೆದ್ದುತನವನ್ನು ಅವಳಿಗೆ ಕೊಟ್ಟೆ, ಜಾಣತನವನ್ನು ನಾನು ಇಟ್ಟುಕೊಂಡೆ. ಚಪ್ಪಾಳೆ ಬಿತ್ತು.

ಆಗ ಮುಂದಿನ ಸಾಲಿನಿಂದ ಒಬ್ಬ ನಿವೃತ್ತ ಹೆಡ್ಮಾಸ್ತರರು ಎದ್ದು ನಿಂತು ಕೇಳಿದರು: “ಉದಾಹರಣಿ ಭಾಳ ಛಲೋ ಆತ್ರಿ ಸರ್. ಆ ಮುದುಕಿ ಅಂದ್ರೆಲ್ಲಾ, ಆಕಿ ನಿಮಗೇನಾಗಬೇಕ್ರಿ?”

ನಮ್ಮ ಕಡೆ ಯಾರೇ ಯಾರ ಬಗ್ಗೆ ಹೇಳಿದರೂ ಕೇಳುವ ಪ್ರಶ್ನೆ ಇದು. ನಾನು ಹೇಳಿದೆ: “ಏನೂ ಆಗಬೇಕಾಗಿಲ್ರಿ. ಬೆಟಗೇರಿಯಾಗ ಹಿಂಗ ಪರಿಚಯದಾಕಿ.”

 ನೀರು ಕುಡಿದು ಮುಂದಿನ ವಿಷಯಕ್ಕೆ ಹೋದೆ. ಸಂಜೆ ಬಸ್ಸಿನಲ್ಲಿ ಗದಗಿಗೆ ಬರುವಾಗ ಶಾಲು ತೊಡೆಯ ಮೇಲಿತ್ತು. ಅದನ್ನು ಮಡಚಿ ಚೀಲದ ತಳಕ್ಕೆ ತುರುಕಿದೆ. ಶಾಲೆಯಲ್ಲಿ ಹಾಜರಿಯ ಹೊತ್ತಿಗೆ ‘ಕಂಡಿಕೀ’ ಎಂದು ಕೂಗುತ್ತಿದ್ದ ಹುಡುಗರು ಈಗ ಎಲ್ಲೆಲ್ಲೋ ಇದ್ದಾರೆ, ಅವರಿಗೆ ನನ್ನ ನೆನಪು ಕೂಡ ಇರಲಿಕ್ಕಿಲ್ಲ. ಅವರಿಗೆ ಹೆದರಿ ನಾನು ಮನೆಯವಳನ್ನೇ ಅಲ್ಲಗಳೆದೆ. ಎಂಥ ಹೇಡಿ ನಾನು ಎಂದು ದಾರಿಯುದ್ದಕ್ಕೂ ಅನ್ನಿಸಿತು. ಇಳಿಯುವ ಹೊತ್ತಿಗೆ, ಆದದ್ದು ಆಯಿತು, ಅವಳಿಗೆ ಹೇಗೆ ತಿಳಿದೀತು ಎಂದುಕೊಂಡೆ.

ತಿಳಿಯದೆ ಏನು. ಕಾರ್ಯಾಗಾರದವರು ಇಡೀ ಭಾಷಣವನ್ನು ವಿಡಿಯೋ ಮಾಡಿ ನೆಟ್ಟಿಗೆ ಹಾಕಿದರು. ದೊಡ್ಡವ್ವನ ಓಣಿಯ ಯಾರೋ ‘ನಿಮ್ಮ ಹುಡುಗ ಮೊಬೈಲಿನ್ಯಾಗ ಬಂದಾನ’ ಎಂದು ಹೇಳಿದರು. ಅವಳು ಮೂರು ಸಲ ಫೋನ್ ಮಾಡಿದಳು. ಎರಡು ಸಲ ಕೆಲಸ ಐತಿ ಎಂದೆ. ಮೂರನೆಯ ಸಲ, “ನೀ ಬಂದು ಹಚ್ಚಿ ಕೊಡಲೇ. ನಿನ್ನ ಜೋಡಿನ ನೋಡಬೇಕಂತ ಯಾರ ಕಡೆಯಿಂದನೂ ಹಚ್ಚಿಸಿಲ್ಲ” ಎಂದಳು. ಆ ರವಿವಾರ ಹೋದೆ.

ಪಡಸಾಲೆಯಲ್ಲಿ ಚಾಪೆ ಹಾಸಿದ್ದಳು. ಒಳಗೆ ಮಗ್ಗ ನಡೆದಿತ್ತು. ಅವಳ ಮೊಬೈಲಿನ ನೆಟ್ ಮುಗಿದಿತ್ತು, ಹಾಗಾಗಿ ನನ್ನ ಫೋನಿನ ಹಾಟ್‌ಸ್ಪಾಟ್ ಹಚ್ಚಿಕೊಟ್ಟೆ. ಮೊದಲಿಗೆ ಕಪ್ಪು ಪರದೆ, ರಾಟೆ ತಿರುಗಿತು. “ಹಾಸು ಏರಾಕತ್ತೈತಿ” ಎಂದಳು, ನನ್ನನ್ನು ನೋಡಿ ಕಣ್ಣು ಮಿಟುಕಿಸಿದಳು. ನಂತರ ಶಾಲು ಹೊದ್ದ ನಾನು ಬಂದೆ. “ಅಂಗಿ ಇಸ್ತ್ರಿ ಮಾಡಿಸಿಲ್ಲೇನಲೇ?” ಎಂದಳು. ಅಂಗೈ ಅಗಲದ ಪರದೆಯಲ್ಲಿ ಅವಳಿಗೆ ಮೊದಲು ಕಂಡದ್ದು ಅದು.

ಒಂಬತ್ತನೆಯ ನಿಮಿಷದ ಹೊತ್ತಿಗೆ ಮುದುಕಿಯ ಮಾತು ಬರುತ್ತದೆ ಎಂದು ನನಗೆ ಗೊತ್ತಿತ್ತು. ನಾನು ಆ ವಿಡಿಯೋವನ್ನು ಒಬ್ಬನೇ ಎಷ್ಟು ಸಲ ನೋಡಿದ್ದೆನೋ. ಎಂಟೂವರೆ ನಿಮಿಷ ಆಗುತ್ತಲೇ ತೊಡೆಯ ಪಕ್ಕದಲ್ಲಿದ್ದ ನನ್ನ ಫೋನಿನ ಮೇಲೆ ಬೆರಳಿಟ್ಟು ಹಾಟ್‌ಸ್ಪಾಟ್ ಬಂದ್ ಮಾಡಿದೆ. ನೆಟ್ ಹೋಯಿತು, ನಾಳೆ ನೋಡೋಣ ಎಂದರಾಯಿತು, ಆ ನಾಳೆ ಎಂದೂ ಬರಬೇಕಿಲ್ಲ ಎಂಬುದು ನನ್ನ ಲೆಕ್ಕ.

ವಿಡಿಯೋ ನಿಲ್ಲಲಿಲ್ಲ.

 ನೋಡಿದರೆ ಕೆಂಪು ಗೆರೆಯ ಮುಂದೆ ಬೂದು ಗೆರೆ ಒಂದು ಬೆರಳಿನಗಲ ಹೋಗಿ ನಿಂತಿತ್ತು. ಸುತ್ತಿಟ್ಟದ್ದು ಬುಟ್ಟಿಯಲ್ಲಿತ್ತು. ಕಂಪ್ಯೂಟರ್ ಮಾಸ್ತರನಿಗೆ, ಅದೇ ವಿಷಯದ ಮೇಲೆ ಅದೇ ವಿಡಿಯೋದಲ್ಲಿ ಉಪನ್ಯಾಸ ಕೊಡುತ್ತಿರುವವನಿಗೆ, ಅದು ಹೊಳೆದಿರಲಿಲ್ಲ. ಪರದೆಯಲ್ಲಿ ನಾನು ಶಾಲನ್ನು ತಲೆಯ ಮೇಲೆ ಎಳೆದುಕೊಂಡೆ. ದನಿ ಸಣ್ಣದು ಮಾಡಿದೆ. “ಲೇ ತಮ್ಮಾ, ಇದರಾಗ ರಾಟಿ ತಿರಗಾಕತ್ತೈತಿ...”

ಜನ ನಕ್ಕರು.  ದೊಡ್ಡವ್ವನೂ ನಕ್ಕಳು, ಸೆರಗು ಬಾಯಿಗೆ ಹಿಡಿದು, ಮೈ ಅಲುಗುವ ಹಾಗೆ. “ಅಯ್ಯ, ಥೇಟ್ ನನ್ನಂಗ ಮಾಡ್ತಾನ ನೋಡ್ರಿ ಇಂವ!” ಎಂದು ದೊಡ್ಡಪ್ಪನಿಗೆ ಕೂಗಿ ಹೇಳಿದಳು. ಅವಳು ಬೈದಿದ್ದರೆ ನಾನು ಸಮಾಧಾನದಿಂದ ಇರುತ್ತಿದ್ದೆ. ಆ ನಗು ನನ್ನನ್ನು ಅಲ್ಲೇ ಹೂತುಹಾಕಿತು. ಮುಂದೆ ಹಾಸಿನ ಮಾತು, ಕಂಡಿಕೆಯ ಮಾತು ಬಂತು.

“ಇದು ನಾ ಹೇಳಿದ್ದಲ್ಲೋ?” ಎಂದಳು.

“ಹೂಂ” ಎಂದೆ.

“ಮಾಸ್ತರಮಂದಿಗೂ ತಿಳೀತಲ್ಲಾ ಹಂಗಾದ್ರ. ಛಲೋ ಆತು.”

ಅವಳ ಮುಖದಲ್ಲಿ ಹೆಮ್ಮೆ ಇತ್ತು. ಮಾತು ಯಾರ ಹೆಸರಿನಲ್ಲಿ ಹೋಯಿತು ಎಂಬುದು ಅವಳಿಗೆ ದೊಡ್ಡದಾಗಿರಲಿಲ್ಲ. ಅಷ್ಟರಲ್ಲಿ ಮುಂದಿನ ಸಾಲಿನಲ್ಲಿ ಹೆಡ್ಮಾಸ್ತರರು ಅರ್ಧ ಎದ್ದು, ಕೈ ಎತ್ತಿ, ಬಾಯಿ ತೆರೆದರು. ಕೆಂಪು ಗೆರೆ ಬೂದು ಗೆರೆಯ ತುದಿ ಮುಟ್ಟಿತು. ಚಿತ್ರ ನಿಂತಿತು. ರಾಟೆ ತಿರುಗತೊಡಗಿತು.

“ಈ ಅಜ್ಜಾರು ಏನೋ ಕೇಳಾಕತ್ತಾರ. ಏನ್ ಕೇಳಿದ್ರು?”

“ನೆನಪಿಲ್ಲ. ಏನೋ ಕೇಳಿದ್ರು. ಬಫರ್ ಆಗಾಕತ್ತೈತಿ.”

“ಆಗಲಿ ತಡಿ. ಸುತ್ತಲಿ.”

ಅವಳು ಕೈಗಳನ್ನು ಮಡಿಲಲ್ಲಿ ಇಟ್ಟುಕೊಂಡು ಕಾದಳು. ನಾನು ಸುಳ್ಳು ಹೇಳಬಹುದು ಎಂಬ ಅನುಮಾನ ಕೂಡ ಅವಳಿಗೆ ಬರಲಿಲ್ಲ. ಒಳಗೆ ಯಾರೋ ತನ್ನ ಹಾಗೇ ಕುಳಿತು ಸುತ್ತುತ್ತಿದ್ದಾರೆ, ಅವರಿಗೆ ಅವಸರ ಮಾಡಬಾರದು ಎಂಬಂತೆ ಆ ಗೋಲವನ್ನೇ ನೋಡುತ್ತಿದ್ದಳು. ಅಷ್ಟರಲ್ಲಿ ಮಗ್ಗದ ಸದ್ದು ನಿಂತಿತು. “ಕಂಡಿಕೀ” ಎಂದು ದೊಡ್ಡಪ್ಪ ಕೂಗಿದ.

“ತಡೀರಿ ಒಂಚೂರು! ನಮ್ಮ ತಮ್ಮನ್ನ ಅಜ್ಜಾರು ಏನೋ ಕೇಳಾಕತ್ತಾರ!” ಎಂದಳು.

ಆ ಮನೆಯಲ್ಲಿದ್ದ ಅಷ್ಟೂ ವರ್ಷ, ಅವಳು ಮಗ್ಗಕ್ಕೆ ತಡಿ ಎಂದದ್ದನ್ನು ನಾನು ಕೇಳಿರಲಿಲ್ಲ. ಜ್ವರದಲ್ಲಿಯೂ ಎದ್ದು ಸುತ್ತಿ ಕೊಡುತ್ತಿದ್ದವಳು. ಮನೆ ಪೂರ್ತಿ ಸದ್ದಿಲ್ಲದಾಯಿತು. ದೊಡ್ಡಪ್ಪ ಒಳಗೆ ಕಾಯುತ್ತಿದ್ದ, ಅವಳು ಹೊರಗೆ ಕಾಯುತ್ತಿದ್ದಳು, ಇಬ್ಬರೂ ನನ್ನ ಬೆರಳಿನ ಕೆಳಗೆ ನಿಂತಿದ್ದರು.

“ನಿನ್ನ ಫೋನಿಂದ ಬರತಿತ್ತಲ್ಲಾ ನೆಟ್. ಅದು ಬಂದ್ ಆಗೈತೇನು ನೋಡಲೇ” ಎಂದಳು.

ಇನ್ನೊಂದು ಸುಳ್ಳು ನಾಲಿಗೆಯ ತುದಿಗೆ ಬಂದಿತ್ತು. ಹೇಳಲಾಗಲಿಲ್ಲ. ಇದು ನನ್ನ ದೊಡ್ಡತನವೇನಲ್ಲ. ಆ ನಿಂತ ಮಗ್ಗದ ಮೌನವನ್ನು ಇನ್ನೊಂದು ಗಳಿಗೆ ತಡೆಯುವುದು ನನ್ನಿಂದ ಆಗುತ್ತಿರಲಿಲ್ಲ, ಅಷ್ಟೇ. ಹಾಟ್‌ಸ್ಪಾಟ್ ಹಚ್ಚಿದೆ. ರಾಟೆ ಇನ್ನೆರಡು ಸುತ್ತು ತಿರುಗಿ ಮಾಯವಾಯಿತು. ಹೆಡ್ಮಾಸ್ತರರು ಪೂರ್ತಿ ಎದ್ದು ನಿಂತರು.

“...ಆಕಿ ನಿಮಗೇನಾಗಬೇಕ್ರಿ?”

“ಏನೂ ಆಗಬೇಕಾಗಿಲ್ರಿ. ಬೆಟಗೇರಿಯಾಗ ಹಿಂಗ ಪರಿಚಯದಾಕಿ.”

ವಿಡಿಯೋದಲ್ಲಿ ನಾನು ನೀರು ಕುಡಿದೆ. ಮುಂದಿನ ವಿಷಯ ಶುರುವಾಯಿತು. ದೊಡ್ಡವ್ವ ಇನ್ನೂ ಸ್ವಲ್ಪ ಹೊತ್ತು ನೋಡಿದಳು, ಅದರಲ್ಲಿ ಅವಳಿಗೆ ತಿಳಿಯುವಂಥದ್ದು ಏನೂ ಇರಲಿಲ್ಲ. ಆಮೇಲೆ ಮೊಬೈಲನ್ನು ಚಾಪೆಯ ಮೇಲೆ ಬೋರಲು ಇಟ್ಟು ರಾಟೆಯ ಕಡೆ ಸರಿದಳು. ಎರಡು ಕಂಡಿಕೆ ಸುತ್ತಿದಳು. ಒಳಗೆ ಹೋಗಿ ಕೊಟ್ಟಳು. ಮಗ್ಗ ನಡೆಯತೊಡಗಿತು.  ಅವಳು ಒಳಬಾಗಿಲಲ್ಲಿ ನಿಂತು ಕೇಳಿದಳು:

“ಚಾ ಕುಡೀತೀರೇನ್ರಿ?”

ಯಾರೋ ಬಂದರೆಂದು ನಾನು ಹಿಂದೆ ತಿರುಗಿ ಬೀದಿಬಾಗಿಲ ಕಡೆ ನೋಡಿದೆ. ಯಾರೂ ಇರಲಿಲ್ಲ.

ಆಮೇಲೆ ನಾನು ತಪ್ಪಾಯಿತು ಎಂದೆ. ಒಂದು ಸಲ ಅಲ್ಲ, ನಾಲ್ಕೈದು ಸಲ. ಕಾಲು ಹಿಡಿಯಲು ಹೋದರೆ, “ಅಯ್ಯ, ಹಂಗ್ಯಾಕ ಮಾಡ್ತೀರಿ, ಏಳ್ರಿ” ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. ನೂಲು ತಂದು ಹಾಕುವವರ ಜೊತೆ ಹೇಗೆ ಮರ್ಯಾದೆಯಿಂದ ಮಾತಾಡುತ್ತಾಳೋ ಹಾಗೇ. ಆ ವಿಡಿಯೋ ತೆಗೆದುಹಾಕಿ ಎಂದು ಕಾರ್ಯಾಗಾರದವರನ್ನು ಕೇಳಿದೆ, ತೆಗೆದರು. ಅದರಿಂದ ಏನಾಗುತ್ತದೆ, ಅವಳ ಕಿವಿಗೆ ಬಂದು ಸೇರಬೇಕಾದದ್ದು ಸೇರಿಯಾಗಿತ್ತು. ತರಗತಿಯಲ್ಲಿ ಈಗ ಲೋಡಿಂಗ್, ಬಫರಿಂಗ್ ಹೇಳಿಕೊಡುವಾಗ ‘ಇದು ನಮ್ಮ ದೊಡ್ಡವ್ವ ಹೇಳಿದ್ದು, ನಾನು ಅವಳ ಮನೆಯಲ್ಲೇ ಕಂಡಿಕೆ ಸುತ್ತಿ ಬೆಳೆದವನು’ ಎಂದು ಹೇಳುತ್ತೇನೆ. ಅದನ್ನು ಅವಳು ಕೇಳಿಲ್ಲ.

ಪ್ರತಿ ರವಿವಾರ ಬೆಟಗೇರಿಗೆ ಹೋಗುತ್ತೇನೆ. “ಬರ್ರಿ, ಕುಂಡ್ರಿ” ಎನ್ನುತ್ತಾಳೆ. ಅವಳು ಅಡುಗೆಮನೆಗೆ ಎದ್ದಾಗ ನಾನು ರಾಟೆಯ ಮುಂದೆ ಕೂರುತ್ತೇನೆ. ಬೇಡ ಎನ್ನುವುದಿಲ್ಲ. ಒಂದು ‘ಲೇ’ ಬಂದೀತೇನೋ ಎಂದು ಕಿವಿ ಕೊಟ್ಟೇ ಇರುತ್ತೇನೆ. ಹಿಂದೆ ಪ್ರಾಚಾರ್ಯರ ಎದುರು ಆ ಶಬ್ದ ಕೇಳಿ ಮೈ ಉರಿದವನು ನಾನೇ.

ಹೋದ ವಾರ ನಾನು ಸಡಿಲಾಗಿ ಸುತ್ತಿದ ಕಂಡಿಕೆಯೊಂದು ಲಾಳಿಯೊಳಗೆ ಜಾರಿ ನೂಲು ತೊಡಕಾಯಿತು. ಮಗ್ಗ ನಿಂತಿತು. “ಯಾವನಲೇ ಇದನ್ನ ಸುತ್ತಿದಾಂವ?” ಎಂದು ದೊಡ್ಡಪ್ಪ ಒಳಗಿನಿಂದ ಒದರಿದ. ಅವನ ‘ಲೇ’ ನನಗೆ ಇನ್ನೂ ಉಳಿದಿದೆ. ನಾನು ಉತ್ತರ ಕೊಡುವ ಮೊದಲೇ ದೊಡ್ಡವ್ವ ಅಡುಗೆಮನೆಯಿಂದ ಹಿಟ್ಟಿನ ಕೈಯಲ್ಲೇ ಬಂದು, ಆ ಕಂಡಿಕೆಯನ್ನು ಬಿಡಿಸಿಕೊಳ್ಳುತ್ತ, ಅವನಿಗೆ ಮೆಲ್ಲಗೆ ಹೇಳಿದಳು:

“ಬೈಬ್ಯಾಡ್ರಿ. ಪಾಪ, ಅವರಿಗೆ ಇದರ ರೂಢಿ ಇಲ್ಲ.”